ಉಣ್ಣೆ, ಕಂಬಳಿ, ಕುರಿ: ಒಂದು ಶಬ್ದಸಂಸಾರದ ಅರ್ಥವಿಮರ್ಶೆ

೧

ಭಾಷೆಯಲ್ಲಿ ಒಂದು ಶಬ್ದಕ್ಕೆ ಹೊಸ ಅರ್ಥಗಳು ಹುಟ್ಟುವ ಬಗೆ ಮುಖ್ಯವಾಗಿ ಎರಡು. ಆ ಶಬ್ದವು ಸೂಚಿಸುವ ವಸ್ತುವಿನೊಡನೆ ದಿನವೂ ಬಾಳುವ ಜನರು ತಮ್ಮ ಕೆಲಸದ ಅಗತ್ಯಕ್ಕೆ ತಕ್ಕಂತೆ ಅದನ್ನು ವಿಂಗಡಿಸಿ, ಸೂಕ್ಷ್ಮಗೊಳಿಸಿ, ಬಾಳಿನ ಇತರ ಸಂದರ್ಭಗಳಿಗೆ ವಿಸ್ತರಿಸುವುದು ಒಂದು ಬಗೆ. ಆ ವಸ್ತುವನ್ನು ದೂರದಿಂದ ಮಾತ್ರ ಕಂಡವರು ಅದನ್ನು ಹಾಸ್ಯಕ್ಕೋ ಬೈಗುಳಕ್ಕೋ ಬಳಸಿಕೊಳ್ಳುವುದು ಇನ್ನೊಂದು ಬಗೆ. ನಿಘಂಟುಕಾರನು ಈ ಎರಡು ಬಗೆಯ ಅರ್ಥಗಳಿಗೂ ಅಂಕೆಗಳನ್ನು ಹಾಕಿ ಒಂದರ ಕೆಳಗೊಂದನ್ನು ಜೋಡಿಸುತ್ತಾನೆ. ಯಾವ ಅರ್ಥ ಯಾರ ಬಾಯಲ್ಲಿ ಹುಟ್ಟಿತು, ಯಾರನ್ನು ಕುರಿತು ಹುಟ್ಟಿತು ಎಂಬುದು ಆ ಜೋಡಣೆಯಲ್ಲಿ ಅಳಿಸಿಹೋಗುತ್ತದೆ. ಈ ಅಳಿವು ಅಲ್ಪದೋಷವಲ್ಲವೆಂದೂ, ಕೆಲವು ಶಬ್ದಗಳ ವಿಷಯದಲ್ಲಿ ಅದು ಒಂದು ಜನವರ್ಗದ ತಿಳಿವಳಿಕೆಯ ನಷ್ಟವೇ ಆಗುತ್ತದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಇದಕ್ಕೆ ನಿದರ್ಶನವಾಗಿ ನಾವು ‘ಉಣ್ಣೆ’ ಎಂಬ ಶಬ್ದವನ್ನೂ ಅದರ ಬಳಗವಾದ ತುಪ್ಪಟ, ಕಂಬಳಿ, ಕುರಿ ಎಂಬ ಶಬ್ದಗಳನ್ನೂ ಆರಿಸಿಕೊಂಡಿದ್ದೇವೆ. ವಿವೇಚನೆಯ ಕ್ಷೇತ್ರವಾಗಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು, ಎಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳನ್ನು ಇಟ್ಟುಕೊಂಡಿದ್ದೇವೆ. ೧೯೮೬ರಲ್ಲಿ ರಚಿತವಾದ ಈ ಜಿಲ್ಲೆ ೨೦೦೭ರಲ್ಲಿ ರಾಮನಗರದ ಕಡೆಯ ತಾಲ್ಲೂಕುಗಳು ಬೇರ್ಪಟ್ಟ ಮೇಲೆ ಈ ನಾಲ್ಕಕ್ಕೆ ಸೀಮಿತವಾಯಿತು. ಈ ಆಯ್ಕೆಗೆ ಮೂರು ಕಾರಣಗಳುಂಟು. ರಾಗಿ ಬೆಳೆಯುವ ಈ ಒಣಭೂಮಿಯಲ್ಲಿ ಕುರಿಸಾಕಣೆ ಬೇಸಾಯದ ಜೊತೆಗಾರನಾಗಿ ಬಂದಿದೆ. ಕನ್ನಡದೊಡನೆ ತೆಲುಗು ಇಲ್ಲಿನ ಅನೇಕ ಮನೆಗಳಲ್ಲಿ ಮಾತಾಗಿರುವುದರಿಂದ ಶಬ್ದಗಳನ್ನು ತೌಲನಿಕವಾಗಿ ನೋಡಲು ಅವಕಾಶವಿದೆ. ಕಡೆಯದಾಗಿ, ಹೊಸ ನುಡಿಗಟ್ಟುಗಳು ದಿನವೂ ಹುಟ್ಟುವ ಬೆಂಗಳೂರು ನಗರ ಈ ತಾಲ್ಲೂಕುಗಳಿಗೆ ತೀರ ಹತ್ತಿರದಲ್ಲಿದೆ. ಹಳ್ಳಿಯ ಅರ್ಥವೂ ಪಟ್ಟಣದ ಅರ್ಥವೂ ಒಂದೇ ಬಸ್ಸಿನಲ್ಲಿ ಪಯಣಮಾಡುವ ಪ್ರದೇಶವಿದು.

೨

ಮೊದಲು ಶಬ್ದದ ರೂಪವನ್ನು ವಿಚಾರಿಸೋಣ. ‘ಉಣ್ಣೆ’ ಎಂಬುದು ಸಂಸ್ಕೃತದ ‘ಊರ್ಣಾ’ ಎಂಬುದರ ತದ್ಭವ. ರೇಫಸಹಿತವಾದ ಣಕಾರವು ದ್ವಿತ್ವವಾಗುವುದು, ಹಿಂದಿನ ದೀರ್ಘಸ್ವರವು ಹ್ರಸ್ವವಾಗುವುದು, ಇವು ನಮ್ಮ ತದ್ಭವಗಳಲ್ಲಿ ಸುಪರಿಚಿತವಾದ ಮಾರ್ಪಾಡುಗಳು. ಚೂರ್ಣವು ಸುಣ್ಣವಾದುದನ್ನೂ ಪೂರ್ಣಿಮೆಯು ಹುಣ್ಣಿಮೆಯಾದುದನ್ನೂ ವಾಚಕರು ಸ್ಮರಿಸಬಹುದು. ಸಂಸ್ಕೃತದಲ್ಲಿ ಜೇಡಕ್ಕೆ ‘ಊರ್ಣನಾಭ’ವೆಂಬ ಹೆಸರಿದೆ, ಹೊಕ್ಕುಳಲ್ಲಿ ಉಣ್ಣೆಯುಳ್ಳದ್ದು ಎಂದು ಅದರ ಅರ್ಥ. ಬುದ್ಧನ ಹುಬ್ಬುಗಳ ನಡುವಿನ ಕೂದಲ ಸುಳಿಗೂ ‘ಊರ್ಣಾ’ ಎಂದೇ ಹೆಸರು, ಅದು ಮಹಾಪುರುಷಲಕ್ಷಣಗಳಲ್ಲೊಂದು. ಇಂಡೋ-ಯುರೋಪಿಯನ್ ಭಾಷಾವರ್ಗದಲ್ಲಿ ಈ ಊರ್ಣಾ, ಲ್ಯಾಟಿನ್ ಭಾಷೆಯ ‘ಲಾನಾ’, ಇಂಗ್ಲಿಷಿನ ‘ವೂಲ್’ ಮೂರೂ ಒಂದೇ ಮೂಲದಿಂದ ಬಂದವು. ಆದುದರಿಂದ ಇಂದು ದೊಡ್ಡಬಳ್ಳಾಪುರದ ಅಂಗಡಿಯಲ್ಲಿ ‘ಉಲ್ಲನ್ ದಾರ’ ಕೇಳುವ ಹುಡುಗಿಯೂ ‘ಉಣ್ಣೆ’ ಎನ್ನುವ ಅವಳ ಅಜ್ಜಿಯೂ, ತಮಗೆ ತಿಳಿಯದಂತೆಯೇ, ಒಂದೇ ಶಬ್ದದ ಎರಡು ರೂಪಗಳನ್ನು ಆಡುತ್ತಿದ್ದಾರೆ. ಒಂದು ಪ್ರಾಕೃತದ ದಾರಿಯಿಂದ ಬಂದಿತು, ಇನ್ನೊಂದು ಗಿರಣಿಯ ದಾರಿಯಿಂದ.

ಆದರೆ ಕನ್ನಡದಲ್ಲಿ ಇನ್ನೊಂದು ‘ಉಣ್ಣೆ’ಯಿದೆ. ದನ, ನಾಯಿ, ಕುರಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಕೀಟದ ಹೆಸರು ಅದು. ಉಣ್ಣಿ, ಉಣುಗು ಎಂಬ ರೂಪಗಳೂ ಉಂಟು. ತಮಿಳಿನಲ್ಲಿಯೂ ಈ ಕೀಟವು ‘ಉಣ್ಣಿ’ಯೇ. ಇದು ‘ಉಣ್’ ಎಂಬ ದ್ರಾವಿಡ ಧಾತುವಿನಿಂದ ಬಂದ ದೇಶ್ಯಶಬ್ದ, ಉಣ್ಣುವಂಥದು ಉಣ್ಣೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆಯನ್ನು ಹರಡುವುದು ಈ ಉಣ್ಣೆಯೇ ಹೊರತು ಮೊದಲಿನದಲ್ಲ. ಕೆಚ್ಚಲಿಗೆ ಕಚ್ಚಿಕೊಂಡಿದ್ದರೂ ಹಾಲಿನ ರುಚಿಯನ್ನರಿಯದ ಪ್ರಾಣಿಯೆಂದು ನಮ್ಮ ಹಿರಿಯರು ಅದನ್ನು ನೀತಿಮಾತುಗಳಲ್ಲಿ ತಂದಿದ್ದಾರೆ. ಬಿಡದೆ ಬೆನ್ನುಹತ್ತಿದವನನ್ನು ‘ಉಣ್ಣೆಯ ಹಾಗೆ ಅಂಟಿಕೊಂಡಿದ್ದಾನೆ’ ಎನ್ನುವಾಗಲೂ ಮನಸ್ಸಿನಲ್ಲಿರುವುದು ಕೀಟವೇ. ಕಿಟ್ಟೆಲನು ೧೮೯೪ರ ತನ್ನ ನಿಘಂಟಿನಲ್ಲಿ ಈ ಎರಡನ್ನೂ ಬೇರೆಬೇರೆ ಶಬ್ದಗಳೆಂದೇ ಎಣಿಸಿದ್ದಾನೆ. ರೂಪಸಾಮ್ಯವನ್ನು ಅರ್ಥವಿಸ್ತಾರವೆಂದು ಭ್ರಮಿಸಬಾರದೆಂಬುದು ಅರ್ಥವಿಚಾರದ ಮೊದಲ ಪಾಠ. ಕುರಿಯ ಮೈಯಲ್ಲಿ ಎರಡು ಉಣ್ಣೆಗಳೂ ಒಟ್ಟಿಗೆ ಇರುವುದರಿಂದ ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ಕುರುಬನಿಗೆ ಒಂದು ಉಣ್ಣೆ ಆದಾಯ, ಇನ್ನೊಂದು ನಷ್ಟ. ಅವನ ಮಾತಿನಲ್ಲಿ ಗೊಂದಲವೇನೂ ಇಲ್ಲ.

ಸಂಸ್ಕೃತದಿಂದ ‘ಉಣ್ಣೆ’ ಬರುವುದಕ್ಕೆ ಮುಂಚೆ ಕನ್ನಡಿಗರು ಈ ವಸ್ತುವನ್ನು ಏನೆಂದು ಕರೆಯುತ್ತಿದ್ದರು? ‘ತುಪ್ಪಟ’ ಅಥವಾ ‘ತುಪ್ಪಳ’ ಎಂಬ ಶಬ್ದ ಇದಕ್ಕೆ ಉತ್ತರವೆಂದು ತೋರುತ್ತದೆ. ಹಳಗನ್ನಡದ ‘ತುಪ್ಪುೞ್’ ಎಂಬುದರಿಂದ ಬಂದ ಈ ಶಬ್ದ ಹಕ್ಕಿಯ ಮೆದುಗರಿಗೂ ಮೊಲದ ಮೈಗೂದಲಿಗೂ ಕುರಿಯ ರೋಮಕ್ಕೂ ಸಲ್ಲುತ್ತದೆ. ಮೆತ್ತಗೆ ಮೈಮುಚ್ಚಿರುವುದೆಲ್ಲ ತುಪ್ಪಟವೇ. ಈಗಿನ ಬಳಕೆಯಲ್ಲಿ ಇವುಗಳ ನಡುವೆ ಒಂದು ಕೆಲಸದ ಹಂಚಿಕೆ ಪ್ರಾಯಿಕವಾಗಿ ಕಾಣುತ್ತದೆ. ಜೀವಂತ ಕುರಿಯ ಮೈಮೇಲಿರುವಾಗ ಅದು ತುಪ್ಪಟ. ಕತ್ತರಿಸಿ ಗಂಟುಕಟ್ಟಿ ತೂಕಕ್ಕೆ ಇಟ್ಟಾಗ ಉಣ್ಣೆ. ನೇಯ್ದು ಮುಗಿದ ಮೇಲೆ ಕಂಬಳಿ. ಕಂಬಳಿಯಿಂದ ಒಂದು ಎಳೆ ಉದುರಿ ಅನ್ನದಲ್ಲಿ ಸಿಕ್ಕಿದಾಗ ಬರಿಯ ಕೂದಲು. ವಸ್ತು ಒಂದೇ, ಹೆಸರು ನಾಲ್ಕು. ಹೆಸರು ಬದಲಾಗುವುದು ಮನುಷ್ಯನು ಅದರೊಡನೆ ಇಟ್ಟುಕೊಂಡ ಸಂಬಂಧ ಬದಲಾದಾಗ. ವಿದ್ಯಾರ್ಥಿಗಳ ಕೈಯಲ್ಲಿರುವ ಸಂಕ್ಷಿಪ್ತ ಕೋಶಗಳು ‘ಉಣ್ಣೆ: ಕುರಿಯ ಕೂದಲು’ ಎಂದು ಹೇಳಿ ಮುಗಿಸುವಾಗ ಈ ನಾಲ್ಕು ಹೆಸರುಗಳ ನಡುವಣ ವಿವೇಕವೇ ಬಿಟ್ಟುಹೋಗುತ್ತದೆ.

೩

ಈ ವಿವೇಕ ಕೆಲಸದಿಂದ ಬಂದುದು. ಕುರಿಯ ಉಣ್ಣೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಕತ್ತರಿಸುವ ರೂಢಿ. ಮೊದಲ ಬಾರಿ ಕತ್ತರಿಸಿದ ಮರಿಯ ಉಣ್ಣೆ ಮೃದು. ಅದರ ಕಂಬಳಿಗೆ ಬೆಲೆ ಹೆಚ್ಚು. ಕತ್ತರಿಸಿದ ಉಣ್ಣೆಯನ್ನು ಕರಿದು, ಬಿಳಿದು, ಬೂದು, ಕಂದು ಎಂದು ಬಣ್ಣಗಳಿಗೆ ಅನುಸಾರವಾಗಿ ವಿಂಗಡಿಸುತ್ತಾರೆ. ನಾಡಕಂಬಳಿಗೆ ಬಣ್ಣ ಕಟ್ಟುವ ಪದ್ಧತಿಯಿಲ್ಲ. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಬಳಿಕ ಹಿಂಜುವುದು, ಕದಿರಿನಲ್ಲಿ ನೂಲುವುದು, ಹಾಸನ್ನು ಎಳೆದು ಕಟ್ಟಿ ಹುಣಸೆಬೀಜದ ಸರಿಯನ್ನು ಬಳಿಯುವುದು, ಗುಂಡಿಮಗ್ಗದಲ್ಲಿ ಕುಳಿತು ನೇಯುವುದು. ನೂಲುವುದು ಹೆಚ್ಚಾಗಿ ಹೆಂಗಸರ ಕೆಲಸ, ನೇಯುವುದು ಗಂಡಸರದು.

ಈ ಕ್ರಿಯೆಗಳ ಹೆಸರುಗಳು ಹತ್ತಿಗೂ ಸಮಾನವಾದವು. ಅವು ಮಗ್ಗದ ಮನೆಯಿಂದ ಹೊರಬಿದ್ದು ಇಂದು ವಿದ್ವಾಂಸರ ಬರೆಹದಲ್ಲಿ ಸೇರಿಕೊಂಡಿವೆ. ಒಂದು ವಿಷಯವನ್ನು ಬೇಕಾದುದಕ್ಕಿಂತ ಹೆಚ್ಚು ಎಳೆದು ಬಿಡಿಸುವವನನ್ನು ‘ಹಿಂಜುತ್ತಾನೆ’ ಎನ್ನುತ್ತೇವೆ. ಒಂದು ಭಾವವು ಕೃತಿಯಲ್ಲೆಲ್ಲ ವ್ಯಾಪಿಸಿದ್ದರೆ ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ನಮ್ಮ ವಿಮರ್ಶೆಯ ಪರಿಭಾಷೆಯಲ್ಲಿ ಈ ಮಾತು ಎಷ್ಟು ಸವೆದಿದೆಯೆಂದರೆ ಹಾಸು ಉದ್ದದ ಎಳೆ, ಹೊಕ್ಕು ಅಡ್ಡದ ಎಳೆ ಎಂಬುದನ್ನು ಅದನ್ನು ಬರೆಯುವವರು ನೆನೆಯುವುದೇ ಅಪೂರ್ವ. ಗಮನಿಸಬೇಕಾದ ಅಂಶವೇನೆಂದರೆ, ಕೆಲಸದೊಳಗಿನಿಂದ ಹುಟ್ಟಿದ ಇಂಥ ಲಾಕ್ಷಣಿಕಾರ್ಥಗಳು ಯಾರನ್ನೂ ಹೀಯಾಳಿಸುವುದಕ್ಕೆ ಹುಟ್ಟಿದವಲ್ಲ. ಅವು ಒಂದು ಕ್ರಿಯೆಯ ಬಗೆಯನ್ನು ಇನ್ನೊಂದು ಕ್ರಿಯೆಗೆ ದೀಪವಾಗಿ ಹಿಡಿಯುತ್ತವೆ.

ಉಣ್ಣೆ ಒಂದು ಸಮಾಜವನ್ನು ವಿಂಗಡಿಸುವ ಶಬ್ದವೂ ಆಯಿತು. ಕುರುಬರಲ್ಲಿ ಹತ್ತಿಕಂಕಣದವರು, ಉಣ್ಣೆಕಂಕಣದವರು ಎಂಬ ಎರಡು ಪಂಗಡಗಳನ್ನು ಥರ್ಸ್ಟನ್ನನು ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ತನ್ನ ೧೯೦೯ರ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮದುವೆಯ ಕಾಲದಲ್ಲಿ ಮಣಿಕಟ್ಟಿಗೆ ಕಟ್ಟುವ ದಾರ ಹತ್ತಿಯದೋ ಉಣ್ಣೆಯದೋ ಎಂಬುದರ ಮೇಲೆ ಈ ಭೇದ ನಿಂತಿದೆ. ಇದರ ಮೂಲವನ್ನು ಹೇಳುವ ಪದ್ಮಣ್ಣನ ಕಥೆಗೆ ಪಾಠಗಳು ಹಲವು. ಹುತ್ತದಿಂದ ಕುರಿಗಳು ಹೊರಟುಬಂದುದು, ಕುರಿಗಳೊಡನೆ ಕಾಡುಸೇರಿದ ಪದ್ಮಣ್ಣ ಅಲ್ಲಿ ಮದುವೆಯಾಗುವಾಗ ಹತ್ತಿಯ ನೂಲು ದೊರೆಯದೆ ಉಣ್ಣೆಯ ಎಳೆಯನ್ನೇ ಕಂಕಣವಾಗಿ ಕಟ್ಟಿಕೊಂಡುದು ಅದರ ತಿರುಳು. ಕಥೆಯ ನಾಯಕನನ್ನು ‘ಉಂಡಾಡಿ ಪದ್ಮಣ್ಣ’ನೆಂದು ಕರೆಯುತ್ತಾರೆಂಬುದು ನಮ್ಮ ವಿಷಯಕ್ಕೆ ಮುಖ್ಯ. ಉಂಡು ಅಡ್ಡಾಡುವವನು ಉಂಡಾಡಿ. ನೇಗಿಲು ಹಿಡಿದು ಒಂದೆಡೆ ದುಡಿಯುವವನ ಕಣ್ಣಿಗೆ ಕುರಿಯ ಹಿಂದೆ ಕೋಲೂರಿ ನಿಂತವನು ಸೋಮಾರಿಯಾಗಿ ಕಾಣುತ್ತಾನೆ. ಹೊರಗಿನವರ ಈ ನೋಟವು ಕುಲಮೂಲಪುರುಷನ ಹೆಸರಿಗೇ ಹತ್ತಿಕೊಂಡಿದೆ. ಮುಂದೆ ನಾವು ವಿಚಾರಿಸುವ ಹೀನಾರ್ಥಗಳ ಬೀಜ ಇಲ್ಲಿಯೇ ಇದೆ.

೪

ಉಣ್ಣೆಗಿಂತ ಹೆಚ್ಚು ಅರ್ಥಸಮೃದ್ಧಿಯನ್ನು ಪಡೆದ ಶಬ್ದ ‘ಕಂಬಳಿ’. ಅಥರ್ವವೇದದಷ್ಟು ಹಿಂದೆಯೇ ಸಂಸ್ಕೃತದಲ್ಲಿ ಕಾಣುವ ‘ಕಂಬಲ’ ಶಬ್ದಕ್ಕೆ ಇದು ಸಂಬಂಧಿಸಿದುದು. ಕರಾವಳಿಯ ಕಂಬಳವೆಂಬ ಕೋಣದೋಟ ಬೇರೆ ಶಬ್ದ. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ನನು ತನ್ನ ಪ್ರವಾಸಗ್ರಂಥದಲ್ಲಿ ಈ ಶಬ್ದವನ್ನು ಹಾಗೆಯೇ ಉಳಿಸಿಕೊಂಡು ಬರೆದಿದ್ದಾನೆ. ಭಾರತದ ಇಂಗ್ಲಿಷ್ ನುಡಿಗಳನ್ನು ಸಂಗ್ರಹಿಸಿದ ೧೮೮೬ರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿಯೂ ‘ಕಂಬ್ಲಿ’ಗೆ ಸ್ಥಾನ ದೊರೆತಿದೆ. ಪರಕೀಯರಿಗೆ ತಮ್ಮ ಭಾಷೆಯ ಹೆಸರು ಸಾಲದೆಹೋದ ವಸ್ತುವಿದು.

ಏಕೆ ಸಾಲದೆಹೋಯಿತೆಂಬುದು ಅದರ ಉಪಯೋಗಗಳನ್ನು ನೋಡಿದರೆ ತಿಳಿಯುತ್ತದೆ. ಕಂಬಳಿ ಹಾಸಿಗೆ, ಹೊದಿಕೆ, ಗಂಟುಕಟ್ಟುವ ಬಟ್ಟೆ. ಮಳೆಯಲ್ಲಿ ತಲೆಯ ಮೇಲೆ ಮಡಿಸಿ ಹಾಕಿಕೊಂಡರೆ ಕೊಪ್ಪೆ. ಉಣ್ಣೆಯ ಸಹಜವಾದ ಜಿಡ್ಡೂ ನೇಯ್ಗೆಯ ದಪ್ಪವೂ ಸೇರಿ ನೀರು ಬೇಗ ಒಳಕ್ಕಿಳಿಯದು. ‘ಕೋಲು ಕಂಬಳಿ’ ಎಂಬ ಜೋಡುನುಡಿ ಕುರಿಗಾಹಿಯ ಸರ್ವಸ್ವವನ್ನು ಸೂಚಿಸುತ್ತದೆ. ಮೈಲಾರಲಿಂಗನ ಗೊರವರು ತೊಡುವ ನಿಲುವಂಗಿಯೂ ಕರಿಯ ಕಂಬಳಿಯದೇ.

ಕಂಬಳಿಯ ಅತ್ಯಂತ ಗಂಭೀರವಾದ ಅರ್ಥ ‘ಗದ್ದಿಗೆ’ ಎಂಬ ಶಬ್ದದೊಡನೆ ಸೇರಿದಾಗ ಹೊರಡುತ್ತದೆ. ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳಲ್ಲಿ ಕರಿಯ ಕಂಬಳಿಯ ಗದ್ದಿಗೆ ಮತ್ತೆ ಮತ್ತೆ ಬರುತ್ತದೆ. ದೇವರು ಬಿಜಯಮಾಡುವುದು ಅದರ ಮೇಲೆ. ಕುಲದ ನ್ಯಾಯಕ್ಕೆ ಹಿರಿಯರು ಕೂಡುವುದು ಕಂಬಳಿ ಹಾಸಿದ ಮೇಲೆ. ಹಲವು ಸಮಾಜಗಳ ಮದುವೆಯಲ್ಲಿ ವಧೂವರರಿಗೆ ಅದೇ ಆಸನ. ಮನೆಗೆ ಬಂದ ನಂಟರಿಗೆ ‘ಕಂಬಳಿ ಹಾಸು’ ಎಂದರೆ ಆದರಿಸು ಎಂದೇ ಅರ್ಥ. ಕಪ್ಪು ಅಮಂಗಳವೆಂದು ಶುಭಕಾರ್ಯಗಳಿಂದ ಅದನ್ನು ದೂರವಿಡುವ ಶಿಷ್ಟರ ರೂಢಿ ಒಂದು ಕಡೆ ಇರಲು, ಇಲ್ಲಿ ಕಪ್ಪು ಕಂಬಳಿಯೇ ಮಂಗಳಾಸನ. ಕರಿಯ ಉಣ್ಣೆ ಬಣ್ಣಹಾಕಿದ್ದಲ್ಲ, ಹುಟ್ಟಿನಿಂದ ಬಂದದ್ದು. ಅದು ಮಾಸುವುದಿಲ್ಲ, ಬಣ್ಣ ಬಿಡುವುದಿಲ್ಲ. ಸಾಕ್ಷಿಗೂ ಪ್ರಮಾಣಕ್ಕೂ ಅದನ್ನು ಆಸನವಾಗಿ ಆ ಜನ ಆರಿಸಿಕೊಂಡುದರಲ್ಲಿ ಒಂದು ಔಚಿತ್ಯವಿದೆ.

ಉಣ್ಣೆಯ ಬಟ್ಟೆ ಮೈಲಿಗೆಯಾಗುವುದಿಲ್ಲವೆಂಬ ನಂಬಿಕೆ ಬ್ರಾಹ್ಮಣರ ಮನೆಗಳಲ್ಲಿಯೂ ಇದೆ. ಮಡಿಗೆ ಉಡುವ ‘ಧಾಬಳಿ’ ಉಣ್ಣೆಯದೇ. ಸಭೆಗಳಲ್ಲಿ ಹೊದಿಸುವ ಶಾಲು ಮೂಲತಃ ಉಣ್ಣೆಯದು. ಧಾಬಳಿ ಮಡಿಗೆ, ಶಾಲು ಮರ್ಯಾದೆಗೆ, ಕಂಬಳಿ ಗದ್ದಿಗೆಗೆ. ಒಂದೇ ಪದಾರ್ಥವನ್ನು ನಮ್ಮ ಸಮಾಜ ತನ್ನ ಬೇರೆಬೇರೆ ಅಂತಸ್ತುಗಳಲ್ಲಿ ಬೇರೆಬೇರೆ ಹೆಸರಿನಿಂದ ಗೌರವಿಸಿದೆ. ಹಾಗಿದ್ದರೂ ಸಭೆಯ ಶಾಲಿಗೆ ಒಂದು ವಕ್ರಾರ್ಥವೂ ಹುಟ್ಟಿತು. ನಯವಾದ ಮಾತಿನಲ್ಲಿ ಅವಮಾನಮಾಡುವುದನ್ನು ‘ಶಾಲಿನಲ್ಲಿ ಸುತ್ತಿ ಹೊಡೆಯುವುದು’ ಎನ್ನುತ್ತೇವೆ. ಕಂಬಳಿಗೆ ಇಂಥ ಕಪಟದ ಅರ್ಥ ಅಂಟಲಿಲ್ಲ. ಅಧಿಕಾರಿಗಳ ನಿರ್ಲಕ್ಷ್ಯವನ್ನು ಹೇಳುವಾಗ ‘ಕಂಬಳಿ ಹೊದ್ದು ಮಲಗಿದ್ದಾರೆ’ ಎಂಬ ಮಾತುಂಟು. ಅಲ್ಲಿಯೂ ದೋಷ ಮಲಗಿದವನದು, ಕಂಬಳಿಯದಲ್ಲ. ಕಂಬಳಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ.

ಗಾದೆಗಳಲ್ಲಿ ಒಂದನ್ನು ಇಲ್ಲಿ ವಿಚಾರಿಸುವುದು ಅವಶ್ಯ. ಕಂಬಳಿಯಲ್ಲಿ ಊಟಮಾಡುತ್ತ ಕೂದಲು ಸಿಕ್ಕಿತೆಂದು ಗೊಣಗಿದ ಹಾಗೆ, ಎಂಬುದು ಎಲ್ಲರೂ ಬಲ್ಲ ಗಾದೆ. ಇದರ ಜೋಡಿ ತೆಲುಗಿನಲ್ಲಿಯೂ ಇದೆ. ಅಲ್ಲಿ ಕಂಬಳಿಗೆ ‘ಗೊಂಗಳಿ’ ಎಂಬ ಹೆಸರು. ಹೊಸಕೋಟೆ, ದೇವನಹಳ್ಳಿಗಳಂಥ ದ್ವಿಭಾಷಾ ಪ್ರದೇಶದಲ್ಲಿ ಈ ಗಾದೆ ಯಾವ ಭಾಷೆಯಿಂದ ಯಾವುದಕ್ಕೆ ಹೋಯಿತೆಂದು ಕೇಳುವುದು ವ್ಯರ್ಥ. ಅದು ಭಾಷೆಗಿಂತ ಹೆಚ್ಚಾಗಿ ವೃತ್ತಿಗೆ ಸೇರಿದ ಗಾದೆ. ಇದನ್ನು ‘ಒಪ್ಪಿಕೊಂಡ ಸ್ಥಿತಿಯ ದೋಷವನ್ನು ದೂರಬಾರದು’ ಎಂದು ವಿವರಿಸುವುದು ವಾಡಿಕೆ. ವಿವರಣೆ ತಪ್ಪಲ್ಲ, ಆದರೆ ಅಪೂರ್ಣ. ಕಂಬಳಿಯಲ್ಲಿ ಉಣ್ಣುವವನು ಬಯಲಿನಲ್ಲಿರುವವನು, ಎಲೆಯಿಲ್ಲ, ತಣಿಗೆಯಿಲ್ಲ. ಅವನು ಕೂದಲನ್ನು ಕಂಡೂ ಉಣ್ಣುತ್ತಾನೆ. ದೂರುವವನು ಈಚೆಗೆ ಅಲ್ಲಿಗೆ ಬಂದವನು. ಗಾದೆಯ ನಗೆ ಕಂಬಳಿಯ ಮೇಲಲ್ಲ, ಹೊಸಬನ ಮೇಲೆ. ಒಳಗಿನವರು ಹೊರಗಿನವರನ್ನು ನೋಡಿ ನಕ್ಕ ಅಪೂರ್ವ ಸಂದರ್ಭಗಳಲ್ಲಿ ಇದು ಒಂದು.

ಇನ್ನು ‘ಕಂಬಳಿಹುಳು’. ಮೈತುಂಬ ರೋಮವಿರುವ ಹುಳುವಿಗೆ ಕನ್ನಡದಲ್ಲಿ ಈ ಹೆಸರು. ತೆಲುಗಿನಲ್ಲಿ ‘ಗೊಂಗಳಿ ಪುರುಗು’, ತಮಿಳಿನಲ್ಲಿ ‘ಕಂಬಳಿಪ್ಪೂಚ್ಚಿ’. ಮೂರು ಭಾಷೆಗಳೂ ಒಂದೇ ಉಪಮೆಯನ್ನು ಕಂಡುಕೊಂಡಿವೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ದೊಡ್ಡಬಳ್ಳಾಪುರ ವಿದ್ಯುನ್ಮಗ್ಗದ ರೇಷ್ಮೆ ಸೀರೆಗೆ ಹೆಸರಾದ ಊರು. ಇಂಥ ಸೀಮೆಯಲ್ಲಿ ‘ಹುಳು’ ಎಂಬ ಶಬ್ದ ತಾನೊಂದೇ ನಿಂತರೆ ಅದು ಬಹುಮಟ್ಟಿಗೆ ರೇಷ್ಮೆಹುಳುವೇ. ಅದಕ್ಕೆ ಸೊಪ್ಪುಹಾಕುವುದು, ಅದರ ಜ್ವರಕ್ಕೆ ಎಚ್ಚರವಾಗಿರುವುದು ಮನೆಮಂದಿಯ ಚಿಂತೆ. ಅದರ ಹಿಂದೆ ‘ಕಂಬಳಿ’ ಸೇರಿದೊಡನೆ ಹಿಪ್ಪುನೇರಳೆಯ ತೋಟಕ್ಕೆ ಬೀಳುವ ಶತ್ರುವಾಗುತ್ತದೆ. ಹೊದಿಕೆಯಾಗಿ ರಕ್ಷಿಸುವ ಕಂಬಳಿ ಹುಳುವಿಗೆ ಹತ್ತಿದಾಗ ತುರಿಕೆಯ, ಅಸಹ್ಯದ ಶಬ್ದವಾಗುತ್ತದೆ. ಅರ್ಥವು ವಸ್ತುವಿನಲ್ಲಿಲ್ಲ, ಬಳಸುವವನ ಲಾಭನಷ್ಟದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

೫

ಈವರೆಗೆ ವಿಚಾರಿಸಿದುವು ಬಹುಮಟ್ಟಿಗೆ ಒಳಗಿನ ಅರ್ಥಗಳು. ಇನ್ನು ಪಟ್ಟಣದ ಆಡುಮಾತಿಗೆ ಬರೋಣ. ಇಲ್ಲಿ ಉಣ್ಣೆ ಹಿಂದೆ ಸರಿದು ಅದನ್ನು ಹೊತ್ತ ಪ್ರಾಣಿ ಮುಂದೆ ಬರುತ್ತದೆ.

ಬೆಂಗಳೂರಿನ ಕಾಲೇಜು ಹುಡುಗರ ಮಾತಿನಲ್ಲಿ ‘ಕುರಿ’ ಎಂದರೆ ಮೋಸಹೋದವನು. ‘ಕುರಿ ಮಾಡು’ ಎಂದರೆ ಮರುಳುಮಾಡು. ಹಿಂದಿಯಿಂದ ಬಂದ ‘ಬಕ್ರಾ’ ಇದರ ಜೊತೆಗಾರ. ಅದು ಮೇಕೆಯೇ ಹೊರತು ಕುರಿಯಲ್ಲ, ಆದರೆ ಆಡುಮಾತು ಅಷ್ಟು ವಿವೇಚಿಸುವುದಿಲ್ಲ. ವಿಚಾರವಿಲ್ಲದೆ ಹಿಂಬಾಲಿಸುವವರ ಗುಂಪಿಗೂ ಕುರಿ, ಮಂದೆ ಎಂಬ ಶಬ್ದಗಳು ಸಲ್ಲುತ್ತವೆ. ಕೆ. ಎಸ್. ನಿಸಾರ್ ಅಹಮದರ ‘ಕುರಿಗಳು ಸಾರ್ ಕುರಿಗಳು’ ಎಂಬ ಪದ್ಯ ಈ ಅರ್ಥಕ್ಕೆ ಸಾಹಿತ್ಯದಲ್ಲಿ ಸ್ಥಿರವಾದ ನೆಲೆಯನ್ನು ಕೊಟ್ಟಿತು. ಹಣ ಕಸಿದುಕೊಂಡು ಬರಿದುಮಾಡುವುದನ್ನು ‘ಬೋಳಿಸುವುದು’ ಎನ್ನುತ್ತಾರೆ. ಇಂಗ್ಲಿಷಿನಲ್ಲಿಯೂ ಕುರಿಯ ತುಪ್ಪಟ ತೆಗೆಯುವ ಕ್ರಿಯಾಪದಕ್ಕೆ ಇದೇ ಅರ್ಥ ಬಂದಿದೆ. ಕನ್ನಡದಲ್ಲಿ ಮಾತ್ರ ಬೋಳಾಗುವುದು ಮನುಷ್ಯನ ತಲೆ. ಕಣ್ಣಿನ ಮೇಲೆ ಉಣ್ಣೆ ಎಳೆಯುವುದೆಂದು ಇಂಗ್ಲಿಷರು ಹೇಳುವ ವಂಚನೆಗೆ ನಾವು ಕಣ್ಣಿಗೆ ಮಣ್ಣೆರಚುತ್ತೇವೆ, ಟೋಪಿ ಹಾಕುತ್ತೇವೆ, ಕಿವಿಯ ಮೇಲೆ ಹೂವಿಡುತ್ತೇವೆ. ಉಣ್ಣೆಯನ್ನು ಈ ಕೆಲಸಕ್ಕೆ ಕರೆಯಲಿಲ್ಲ.

ಈ ‘ಕುರಿ’ ಕುರುಬನ ಕುರಿಯೇ? ಅಲ್ಲವೆಂದು ನಮ್ಮ ಅಭಿಪ್ರಾಯ. ಒಬ್ಬ ಮನುಷ್ಯ ನೂರು ಪ್ರಾಣಿಗಳನ್ನು ಒಂದು ಕೋಲಿನಿಂದ ಹೊಲದಿಂದ ಹೊಲಕ್ಕೆ ನಡೆಸಬಲ್ಲನಾದರೆ ಅದಕ್ಕೆ ಕಾರಣ ಅವು ಒಂದನ್ನೊಂದು ಬಿಟ್ಟಿರದೆ ಸಾಗುವುದು. ತೋಳದ ಭಯವಿದ್ದ ಕಾಡಿನಲ್ಲಿ ಹೀಗೆ ಒಟ್ಟುಗೂಡುವುದೇ ಅವುಗಳ ರಕ್ಷಣೆ. ಪಟ್ಟಣದವನು ಬುದ್ಧಿಯಿಲ್ಲದಿರುವಿಕೆಯೆಂದು ನಗುವ ಗುಣವನ್ನು ಕುರಿಗಾಹಿ ಬಾಳಿನ ಆಧಾರವಾಗಿ ನೆಚ್ಚುತ್ತಾನೆ. ರಾಗಿಯ ಹೊಲದಲ್ಲಿ ಗೊಬ್ಬರಕ್ಕಾಗಿ ‘ಮಂದೆ ನಿಲ್ಲಿಸುವ’ ರೈತನಿಗೂ ಮಂದೆ ಅವಹೇಳನದ ಮಾತಲ್ಲ. ರಾತ್ರಿಯ ಲೆಕ್ಕದಲ್ಲಿ ಕೂಲಿ ಕೊಟ್ಟು ಕರೆಸಿಕೊಳ್ಳುವ ಸೌಭಾಗ್ಯ. ‘ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ’ ಎಂಬ ಗಾದೆಯಲ್ಲಿ ಕುರಿ ಸಂಪತ್ತು.

ಇದೇ ಜಾತಿಯ ಗಂಡುಪ್ರಾಣಿಯ ಗತಿಯನ್ನು ನೋಡಿ. ‘ಟಗರು’ ಎಂಬುದು ಹಿಂದೆಗೆಯದೆ ಢೀಕೊಡುವ ಗಂಡಾಳಿಗೆ ಹೊಗಳಿಕೆಯಾಗಿ ಬೆಳೆದಿದೆ. ೨೦೧೮ರಲ್ಲಿ ಈ ಹೆಸರಿನ ಚಲನಚಿತ್ರ ಬಂದು ಅರ್ಥವು ಇನ್ನಷ್ಟು ಜನಪ್ರಿಯವಾಯಿತು. ಒಂದೇ ತಳಿ, ಒಂದೇ ರೊಪ್ಪ, ಮೈಮೇಲೆ ಅದೇ ಉಣ್ಣೆ. ಆದರೂ ಟಗರು ವೀರ, ಕುರಿ ಮರುಳು. ಪ್ರಾಣಿಯ ಸ್ವಭಾವಕ್ಕಿಂತ ಮನುಷ್ಯಸಮಾಜದ ಬೆಲೆಗಳೇ ಇಲ್ಲಿ ಮಾತನಾಡುತ್ತಿವೆ ಎಂಬುದು ಸ್ಪಷ್ಟ.

ಇವೆಲ್ಲಕ್ಕಿಂತ ವಿಚಾರಣೀಯವಾದುದು ‘ಕಪ್ಪು ಕುರಿ’ ಎಂಬ ನುಡಿ. ತನ್ನ ಗುಂಪಿಗೆ ಕಳಂಕ ತಂದವನು, ಒಳಗಿದ್ದು ದ್ರೋಹಮಾಡಿದವನು ಎಂಬ ಅರ್ಥದಲ್ಲಿ ನಮ್ಮ ಪತ್ರಿಕೆಗಳು ಇದನ್ನು ಧಾರಾಳವಾಗಿ ಬಳಸುತ್ತವೆ. ಇದು ಇಂಗ್ಲಿಷಿನ ಅನುವಾದ. ಅಲ್ಲಿ ಅದಕ್ಕೆ ಕಾರಣವೂ ಇತ್ತು. ಬಿಳಿಯ ಉಣ್ಣೆಗೆ ಬೇಕಾದ ಬಣ್ಣ ಹಾಕಬಹುದು, ಕಪ್ಪಿಗೆ ಹಾಕಲಾಗದು. ಬಟ್ಟೆಯ ವ್ಯಾಪಾರಿಗೆ ಕಪ್ಪು ಕುರಿ ಬೆಲೆಗೆಟ್ಟದ್ದು. ಬಣ್ಣವನ್ನು ಉಣ್ಣೆಯಲ್ಲಿದ್ದಾಗಲೇ ಹೀರಿದವನು ಎಂಬ ಅರ್ಥದ ನುಡಿಗಟ್ಟನ್ನು, ಬದಲಾಗದ ಸ್ವಭಾವದವನನ್ನು ಕುರಿತು, ಅದೇ ವ್ಯಾಪಾರ ಇಂಗ್ಲಿಷರಿಗೆ ಕೊಟ್ಟಿದೆ. ಆದರೆ ಬಣ್ಣಹಾಕದೆ ಕಂಬಳಿ ನೇಯುವ ನಾಡಿನಲ್ಲಿ ಕಪ್ಪು ಕುರಿಯ ಉಣ್ಣೆಯೇ ಬೆಲೆಯುಳ್ಳದ್ದು. ಮದುವೆಯ ಗದ್ದಿಗೆಯೂ ನ್ಯಾಯದ ಆಸನವೂ ಅದರಿಂದಲೇ ಆಗಬೇಕು. ಪರದೇಶದ ಬಣ್ಣಗಾರನ ತಿರಸ್ಕಾರವನ್ನು ನಾವು ಅನುವಾದಿಸಿಕೊಂಡು, ನಮ್ಮಲ್ಲಿ ದೇವರ ಆಸನಕ್ಕೆ ಒದಗುವ ಪ್ರಾಣಿಯ ಮೇಲೆ ಹೊರಿಸಿದ್ದೇವೆ. ಭಾಷಾಂತರದಲ್ಲಿ ಶಬ್ದಗಳು ಸರಿಯಾಗಿ ಬಂದಿವೆ, ಕುರಿ ಮಾತ್ರ ಬೇರೆಯದು.

‘ಉಲ್ಲನ್’ ಎಂಬ ಶಬ್ದದ ಕಥೆ ಇನ್ನೊಂದು ಬಗೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿ ನೆಲೆಗೊಂಡು ಜನರ ಬಾಯಲ್ಲಿ ‘ಬಿನ್ನಿ ಮಿಲ್ಲು’ ಎನಿಸಿಕೊಂಡಿತು. ಇಂದು ಅದು ಇಲ್ಲ. ಗಿರಣಿಯ ರಗ್ಗೂ ಸ್ವೆಟರೂ ಬಂದಮೇಲೆ ‘ಉಲ್ಲನ್’ ನಯವಾದುದರ ಹೆಸರಾಯಿತು, ‘ಉಣ್ಣೆ’ ಒರಟಾದುದರ ಹೆಸರಾಗಿ ಉಳಿಯಿತು. ಈಗ ಉಲ್ಲನ್ ಎಂದು ಮಾರುವ ಬಣ್ಣಬಣ್ಣದ ದಾರದಲ್ಲಿ ಬಹುಪಾಲು ಅಕ್ರಿಲಿಕ್, ಎಂದರೆ ಕೃತಕ ನೂಲು. ಅದರಿಂದ ತೋರಣ ಹೆಣೆಯುತ್ತಾರೆ, ಟೋಪಿ ಹೆಣೆಯುತ್ತಾರೆ. ಹೆಸರು ಉಳಿದಿದೆ, ಕುರಿ ಹೋಗಿದೆ.

೬

ಮೇಲಿನ ವಿವೇಚನೆಯಿಂದ ಒಂದು ಕ್ರಮ ಗೋಚರವಾಗುತ್ತದೆ. ಕುರಿಯ ಹತ್ತಿರದಿಂದ ದೂರ ಹೋದಹಾಗೆಲ್ಲ ಅರ್ಥಗಳು ಸ್ಥೂಲವಾಗುತ್ತವೆ, ಕಡೆಗೆ ಹೀನವಾಗುತ್ತವೆ. ಹತ್ತಿರವಿದ್ದವರು ನಾಲ್ಕು ಹೆಸರಿನಿಂದ ಕರೆದುದನ್ನು ದೂರದವರು ಒಂದು ಬೈಗುಳದಿಂದ ಮುಗಿಸುತ್ತಾರೆ. ಇದು ಎಲ್ಲ ಭಾಷೆಗಳಲ್ಲಿಯೂ ನಡೆಯುವುದೇ. ಅದಕ್ಕಾಗಿ ಆಡುಮಾತನ್ನು ಹಳಿಯುವುದು ವಿದ್ಯಾವಂತರ ಕೆಲಸವಲ್ಲ. ‘ಕುರಿ ಮಾಡು’ ಎಂಬ ಮಾತಿನಲ್ಲಿ ಚುರುಕಿದೆ. ಅದು ಕೋಶಕ್ಕೆ ಬರಲಿ. ನಮ್ಮ ಆಕ್ಷೇಪ ಬೇರೆಯದು. ಪಟ್ಟಣದ ಅರ್ಥ ಪತ್ರಿಕೆ, ಚಲನಚಿತ್ರ, ಪದ್ಯಗಳ ಮೂಲಕ ತಾನಾಗಿಯೇ ಕೋಶವನ್ನು ಸೇರುತ್ತದೆ. ಕುರಿಗಾಹಿಯ ಅರ್ಥಕ್ಕೆ ಅಂಥ ವಾಹನವಿಲ್ಲ. ಯಾರಾದರೂ ಹೋಗಿ ತರಬೇಕು.

ಕನ್ನಡ ಸಾಹಿತ್ಯ ಪರಿಷತ್ತು ೧೯೯೫ರಲ್ಲಿ ಎಂಟು ಸಂಪುಟಗಳಲ್ಲಿ ಪೂರ್ಣಗೊಳಿಸಿದ ಬೃಹನ್ನಿಘಂಟು ನಮ್ಮ ಭಾಷೆಯ ಮಹಾಸಾಧನೆಗಳಲ್ಲೊಂದು. ಶಾಸನ, ಕಾವ್ಯ, ಶಾಸ್ತ್ರಗ್ರಂಥಗಳಿಂದ ಪ್ರಯೋಗಗಳನ್ನಾಯ್ದು ಚಾರಿತ್ರಿಕ ಕ್ರಮದಲ್ಲಿ ಜೋಡಿಸುವುದು ಅದರ ಬಲ. ಆ ಬಲವೇ ಅದರ ಎಲ್ಲೆಯೂ ಹೌದು. ಬರೆದಿಟ್ಟವರ ಕನ್ನಡ ಅಲ್ಲಿ ತುಂಬಿದೆ. ಉಣ್ಣೆ ಹಿಂಜಿದವರು ಬರೆದಿಡಲಿಲ್ಲ. ಅದಕ್ಕೆ ನೂರು ವರ್ಷ ಹಿಂದಿನ ಕಿಟ್ಟೆಲನ ಕೋಶ ಪರದೇಶದವನೊಬ್ಬನ ಕೃತಿಯಾದರೂ ಗಾದೆಗಳನ್ನೂ ಮನೆಮಾತನ್ನೂ ಬಾಯಿಂದ ಕೇಳಿ ಹಿಡಿದುದರಿಂದ ಇಂಥ ಶಬ್ದಗಳಲ್ಲಿ ಇಂದಿಗೂ ನೆರವಾಗುತ್ತದೆ. ಬರೊ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿಕೋಶ ೧೯೬೧ರಲ್ಲಿ ಹೊರಬಂದು ೧೯೮೪ರಲ್ಲಿ ಪರಿಷ್ಕೃತವಾಯಿತು. ಶಬ್ದಗಳ ನಂಟಸ್ತಿಕೆಯನ್ನು ಅದು ಖಚಿತಪಡಿಸುತ್ತದೆ, ಅವುಗಳ ಬಾಳನ್ನು ಹೇಳುವುದು ಅದರ ಉದ್ದೇಶವಲ್ಲ.

ಇದು ಕೇವಲ ಕೋಶರಚನೆಯ ಪ್ರಶ್ನೆಯೆಂದು ತಿಳಿಯಬಾರದು. ೨೦೧೯ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು ೧ ಕೋಟಿ ೧೧ ಲಕ್ಷ. ಹಿಂದಿನ ಗಣತಿಗಿಂತ ಹೆಚ್ಚು. ಕುರಿ ಅಳಿಯುತ್ತಿಲ್ಲ. ಆದರೆ ಅದು ಈಗ ಮುಖ್ಯವಾಗಿ ಮಾಂಸಕ್ಕಾಗಿ. ದಕ್ಷಿಣದಲ್ಲಿ ಹೆಸರಾದ ಬಂಡೂರು ತಳಿ ಉಣ್ಣೆಗಾಗಿ ಸಾಕುವಂಥದೇ ಅಲ್ಲ. ಒರಟು ಉಣ್ಣೆಗೆ ಬೆಲೆಯಿಲ್ಲವಾಗಿ, ಕತ್ತರಿಸುವ ಕೂಲಿ ಉಣ್ಣೆಯ ಬೆಲೆಯನ್ನು ಮೀರುವ ಸ್ಥಿತಿ ಬಂದಿದೆ. ಇತ್ತ ದೇವನಹಳ್ಳಿಯಲ್ಲಿ ಸುಮಾರು ೪,೦೦೦ ಎಕರೆಯ ಮೇಲೆ ವಿಮಾನನಿಲ್ದಾಣ ೨೦೦೮ರಲ್ಲಿ ತೆರೆಯಿತು, ನೆಲಮಂಗಲದ ದಾಬಸ್‌ಪೇಟೆಯಲ್ಲಿ ಕಾರ್ಖಾನೆಗಳು ನಿಂತವು, ಗೋಮಾಳಗಳು ಬಡಾವಣೆಗಳಾದವು. ಮೇಯುವ ನೆಲ ಕುಗ್ಗಿದಲ್ಲಿ ಮೇಯಿಸುವವರ ಮಾತೂ ಕುಗ್ಗುತ್ತದೆ. ಒಂದು ತಲೆಮಾರಿನ ನಂತರ ಈ ತಾಲ್ಲೂಕುಗಳ ಹುಡುಗರಿಗೆ ‘ಕುರಿ’ ಎಂದರೆ ತಟ್ಟೆಯಲ್ಲಿ ಮಾಂಸ, ಬಾಯಲ್ಲಿ ಬೈಗುಳ ಎಂದಷ್ಟೇ ಉಳಿಯುವ ಸಂಭವವಿದೆ. ಹಾಗಾದರೆ ಒಂದು ಜನವರ್ಗವನ್ನು ಇತರರು ಕಂಡ ಬಗೆ ಭಾಷೆಯಲ್ಲಿ ಉಳಿದು, ಆ ಜನ ಲೋಕವನ್ನು ಕಂಡ ಬಗೆ ಅಳಿದಂತಾಗುತ್ತದೆ.

ಶಬ್ದಕ್ಕೆ ಇನ್ನೂ ಜೀವವಿದೆಯೆಂಬುದಕ್ಕೆ ಸಾಕ್ಷಿಯಿಲ್ಲದಿಲ್ಲ. ೨೦೨೧ರಲ್ಲಿ ಹಾನಗಲ್ಲು, ಸಿಂದಗಿಗಳ ಉಪಚುನಾವಣೆಯ ಪ್ರಚಾರದಲ್ಲಿ ಕಂಬಳಿ ಹೊದೆಯುವ ಯೋಗ್ಯತೆ ಯಾರಿಗುಂಟು ಎಂಬುದೇ ನಾಡಿನ ಮುಖಂಡರ ನಡುವೆ ವಾಗ್ವಾದದ ವಸ್ತುವಾಯಿತು. ಅದರ ರಾಜಕೀಯ ನಮಗೆ ಪ್ರಸ್ತುತವಲ್ಲ. ಒಂದು ಹೊದಿಕೆಯ ಹೆಸರಿಗೆ ಅಷ್ಟು ತೂಕ ಎಲ್ಲಿಂದ ಬಂತೆಂಬುದಕ್ಕೆ ‘ಕಂಬಳಿ: ಉಣ್ಣೆಯ ಹೊದಿಕೆ’ ಎಂಬ ಕೋಶವಾಕ್ಯ ಉತ್ತರಕೊಡಲಾರದು, ಗದ್ದಿಗೆಯ ಅರ್ಥವನ್ನು ಬಲ್ಲವರಿಗೆ ಮಾತ್ರ ಅದು ತಿಳಿದೀತು.

ಆದುದರಿಂದ ಇಂಥ ವೃತ್ತಿಶಬ್ದಗಳನ್ನು ಸಂಗ್ರಹಿಸುವವರು ಪ್ರತಿ ಅರ್ಥದೊಡನೆ ಮೂರು ಸಂಗತಿಗಳನ್ನು ಗುರುತಿಸಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದು, ಆ ಅರ್ಥವನ್ನು ಆಡುವವರು ಯಾರು. ವಸ್ತುವನ್ನು ಕೈಯಲ್ಲಿ ಹಿಡಿದವರೇ, ನೋಡಿದವರೇ, ಕೇಳಿದವರೇ. ಎರಡನೆಯದು, ಅದು ಯಾರನ್ನು ಅಥವಾ ಯಾವುದನ್ನು ಕುರಿತು ಹೊರಟಿದೆ, ಮನ್ನಣೆಗೋ ಮೂದಲಿಕೆಗೋ. ಮೂರನೆಯದು, ಅದು ಈ ನೆಲದ ಕೆಲಸದಿಂದ ಹುಟ್ಟಿದುದೋ, ‘ಕಪ್ಪು ಕುರಿ’ಯಂತೆ ಅನುವಾದದಿಂದ ಬಂದುದೋ. ಇದಕ್ಕೆ ದೊಡ್ಡ ಧನಸಹಾಯವೇನೂ ಬೇಕಿಲ್ಲ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಕುರಿಸಾಕಿದ ಮನೆಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ; ಅವರ ಮನೆಯ ಹಿರಿಯರು ಇನ್ನೂ ಮಾತನಾಡುತ್ತಾರೆ. ಕನ್ನಡ ಅಧ್ಯಾಪಕರು ಪ್ರಬಂಧಕ್ಕೆ ವಿಷಯ ಹುಡುಕುವಾಗ, ಅಚ್ಚಾದ ಪುಸ್ತಕದಿಂದ ಪುಸ್ತಕಕ್ಕೆ ಹೋಗುವ ಬದಲು, ಹತ್ತು ಶಬ್ದಗಳನ್ನು ಕೇಳಿ ಬರೆದುತರುವಂತೆ ಆ ವಿದ್ಯಾರ್ಥಿಗಳಿಗೆ ಹೇಳಲಿ. ತನ್ನ ಅಜ್ಜನ ಮಾತು ನಿಘಂಟಿಗೆ ಬೇಕಾದ ಮಾತೆಂದು ತಿಳಿದ ಹುಡುಗನು ‘ಕುರಿ’ ಎಂಬ ಬೈಗುಳವನ್ನು ಕೇಳಿದಾಗ ಕುಗ್ಗಬೇಕಾಗಿಲ್ಲ; ಅದು ಆ ಶಬ್ದದ ಹಲವು ಅರ್ಥಗಳಲ್ಲಿ ಒಂದು ಮಾತ್ರವೆಂದೂ, ಎಲ್ಲಕ್ಕಿಂತ ಈಚಿನದೆಂದೂ, ಎಲ್ಲಕ್ಕಿಂತ ಕಡಿಮೆ ತಿಳಿದವರದೆಂದೂ ಅವನು ಬಲ್ಲವನಾಗಿರುತ್ತಾನೆ.